ಹಯವದನಾಚಾರ್ಯರ ಮಲಗುವ ಬೋಗಿ

ಬರೋಡಾದ ರೈಲ್ವೆ ಶೆಡ್ಡಿನ ಹಿಂದೆ ಹಳೆಯ ಮಲಗುವ ಬೋಗಿಯೊಂದು ನಿಂತಿತ್ತು. ರಾಜರ ಕಾಲದ್ದು, ಮೈಯೆಲ್ಲ ಸಾಗುವಾನಿ, ಒಳಗೆ ಮಡಚುವ ಎಂಟು ಮಂಚ. ಉಡುಪಿ ಕಡೆಯ ಬಡಗಿ ಹಯವದನಾಚಾರ್ಯರು ಇಪ್ಪತ್ತೆಂಟು ವರ್ಷದಿಂದ ಅದನ್ನು ನೋಡಿಕೊಂಡಿದ್ದರು. ನೋಡಿಕೊಳ್ಳುವುದೆಂದರೆ ಸಾಮಾನ್ಯವೇ? ಗೆದ್ದಲು ಹಿಡಿದ ಹಲಗೆ ತೆಗೆದು ಹೊಸದು ಕೂರಿಸಿ, ಹಳೆಯದರ ಬಣ್ಣ ಬರುವವರೆಗೂ ಪಾಲಿಶ್ ಉಜ್ಜಬೇಕು. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ನಳಿನಿ, "ನಿಮಗೆ ಆ ಬೋಗಿಯೇ ಸಂಸಾರ" ಎಂದು ಚುಚ್ಚುತ್ತಿದ್ದಳು. ಸುಳ್ಳೇನಲ್ಲ.

ಅರವತ್ನಾಲ್ಕನೇ ಇಸವಿಯಲ್ಲಿ ಆರ್ಡರ್ ಬಂತು: ಮರದ ಬೋಗಿಗಳನ್ನೆಲ್ಲ ಒಡೆಯಬೇಕು. ಒಂದನ್ನು ಮಾತ್ರ ಮುಂದಿನವರು ನೋಡಲೆಂದು ಉಳಿಸುತ್ತಾರೆ. ಆರಿಸಲು ಸಾಹೇಬರು ಬರುತ್ತಾರೆ. ಹದಿನೈದು ದಿನ ಆಚಾರ್ಯರಿಗೆ ಊಟ ಸೇರಲಿಲ್ಲ. ಹಿತ್ತಾಳೆಯ ಹಿಡಿಕೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದರು.

ಬಂದವರು ವೆಂಕಟಾಚಲ, ಮೈಸೂರಿನವರು! ಅಲ್ಲೇ ನೋಡಿ ಎಡವಟ್ಟಾದದ್ದು. ಬೇರೆ ಯಾರೇ ಬಂದಿದ್ದರೂ ಆಚಾರ್ಯರ ಹರುಕು ಹಿಂದಿ "ಹಾಂ ಜೀ"ಗೆ ನಿಂತುಬಿಡುತ್ತಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವರ ಬಾಯಿಗೆ ಲಂಗುಲಗಾಮು ಇಲ್ಲದಂತಾಯಿತು.

"ಗೆದ್ದಲು ಮುಟ್ಟೇ ಇಲ್ವಲ್ರೀ ಆಚಾರ್ರೇ!" ಎಂದರು ಸಾಹೇಬರು.

"ಮುಟ್ಟದೆ ಎಂತ ಸಾರ್! ನಾನು ಬಿಡಬೇಕಲ್ಲ? ಇದು ನಾನು ಹಾಕಿದ್ದು, ಅದೂ ನಾನು ಹಾಕಿದ್ದೇ. ಎಂಟು ಮಂಚವೂ ನನ್ನ ಕೈಯದ್ದು. ಹಳೇ ಹಲಗೆ ಒಂದು ಉಂಟಾ, ಹುಡುಕಿ ನೋಡುವ!"

ವೆಂಕಟಾಚಲರ ಮುಖ ಇಳಿಯಿತು. "ಅಯ್ಯೋ, ಹಾಗಾದ್ರೆ ಹಳೇ ಬೋಗಿ ಅಂತ ನಾನು ಹೆಂಗ್ರೀ ಬರೀಲಿ? ಇದು ನೀವು ಮಾಡಿದ ಬೋಗಿ."

ಪಾಪ, ಆಚಾರ್ಯರು ಅದನ್ನು ಹೊಗಳಿಕೆಯೆಂದೇ ತಿಳಿದು ಕೈಮುಗಿದರು.

ತಿಂಗಳಾದ ಮೇಲೆ ಪತ್ರ ಬಂತು. ಬೇರೆ ಊರಿನ, ಗೆದ್ದಲು ತಿಂದ ಬೋಗಿಯೊಂದು ಉಳಿಯಿತು. ಇದನ್ನು ಒಡೆಯಲು ಕೂಲಿಗಳು ಹಾರೆ ತಂದರು. ಒಂದು ಮೊಳೆಯೂ ಇಲ್ಲದೆ ಕಚ್ಚು ಹಾಕಿ ಕೂರಿಸಿದ ಹಲಗೆಗಳವು, ಬಿಚ್ಚಿಕೊಳ್ಳದೆ ಸೀಳಿ ಚೂರಾದವು. ಆ ಸದ್ದು ತಾಳಲಾರದೆ ಆಚಾರ್ಯರು ಓಡಿ ಬಂದು ಹಾರೆ ಕಸಿದುಕೊಂಡರು. ಮೂರು ದಿನ ತಾವೇ ನಿಂತು, ಒಂದೊಂದೇ ಹಲಗೆಯನ್ನು ಗೀರು ಬೀಳದಂತೆ ಕಳಚಿ ಕೆಳಗಿಳಿಸಿದರು. ಗುಜರಿಯವನ ಲಾರಿ ಅವನ್ನು ತುಂಬಿಕೊಂಡು ಹೋಯಿತು.

"ಅವರೇ ಒಡೀತಿದ್ರಲ್ಲ, ನೀವು ಯಾಕೆ ಕೈ ಹಾಕ್ಲಿಕ್ಕೆ ಹೋದದ್ದು?" ಎಂದಳು ನಳಿನಿ.

"ಅವರಿಗೆ ಬಿಚ್ಚಲಿಕ್ಕೆ ಗೊತ್ತಿಲ್ಲ ಮಾರಾಯ್ತಿ" ಎಂದ ಆಚಾರ್ಯರು, ಹೆಂಡತಿಯೆದುರೇ ಗಳಗಳನೆ ಅತ್ತುಬಿಟ್ಟರು.