ನಾಲ್ಕು ಗೋಡೆಗೆ ಸುತ್ತಿದ ಕೂದಲು

ರಟ್ಟಿನ ಡಬ್ಬಿ ಮಾಡಲು ಹೊರಟವರಿಗೆ ನಾನು ಮೊದಲು ಹೇಳುವುದು ಬೋರ್ಡಿನ ಎಳೆ ನೋಡಿ ಎಂದು. ಒಂದು ತುಂಡು ಹರಿದು ನಾಲಿಗೆಗೆ ಒತ್ತಿಕೊಳ್ಳಿ. ಒದ್ದೆಯಾದ ತುಂಡು ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಕೊಳವೆ ಯಾವ ದಿಕ್ಕಿಗೆ ಮಲಗುತ್ತದೋ ಎಳೆಯೂ ಅದೇ ದಿಕ್ಕಿಗೆ. ಆ ಎಳೆ ಡಬ್ಬಿಯ ಸೊಂಟದ ಸುತ್ತ ಹೋಗಬೇಕು. ಮೇಲಿಂದ ಕೆಳಕ್ಕೆ ಹೋದರೆ ಮಳೆಗಾಲದಲ್ಲಿ ಡಬ್ಬಿಗೆ ಹೊಟ್ಟೆ ಬರುತ್ತದೆ, ಗಿರಾಕಿ ಮುಖ ತಿರುಗಿಸುತ್ತಾನೆ. ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ದಾಂಡೇಲಿಯಲ್ಲಿ ಕಾಗದದ ಗಿರಣಿಯ ಗಾಳಿ ಕುಡಿದು ಬೆಳೆದವರಿಗೆ ಇಷ್ಟಾದರೂ ಗೊತ್ತಿರುತ್ತದೆ.

ನಾನು ಕೆಲಸ ಶುರು ಮಾಡಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ಹುಬ್ಬಳ್ಳಿಯ ಪ್ರೆಸ್ಸುಗಳಲ್ಲಿ ಐದು ಸಾವಿರಕ್ಕೆ ಕಡಿಮೆ ಡಬ್ಬಿ ಕೇಳಿದರೆ ಕೂರಿಸಿ ಮಾತಾಡುತ್ತಿರಲಿಲ್ಲ. ಜೋಯಿಡಾದಲ್ಲಿ ಜೇನು ತುಂಬುವವನು, ಮುಂಡಗೋಡದಲ್ಲಿ ಪೇಡೆ ಮಾಡುವವನು ಐದು ಸಾವಿರ ಡಬ್ಬಿ ಇಟ್ಟುಕೊಂಡು ಏನು ಮಾಡಬೇಕು? ಗೆದ್ದಲಿಗೆ ಉಣಿಸಬೇಕು. ಅಲ್ಲಿ ನನಗೊಂದು ಸಂದು ಕಂಡಿತು. ಗಿರಣಿಯ ಗುತ್ತಿಗೆದಾರರ ಬಳಿ ತುಂಡು ಬೋರ್ಡು ಚೌಕಾಸಿ ಮಾಡಿ ಕೊಂಡು, ಮೂರು ಅಳತೆಯಲ್ಲಿ ಕತ್ತರಿಸಿ, ಮಡಿಕೆಯ ಗೆರೆ ಒತ್ತಿ, ಬಿಳಿಯಾಗಿಯೇ ಪೇರಿಸಿ ಇಡುತ್ತಿದ್ದೆ. ಗಿರಾಕಿ ಬಂದ ಮೇಲೆ ಅವನ ಚಿತ್ರ ಮುದ್ರಿಸಿ ಕೊಡುವುದು. ಐವತ್ತು ಬೇಕೋ, ಐವತ್ತು. ಮುಂದಿನ ವಾರ ಇನ್ನೂರು ಬೇಕೋ, ಇನ್ನೂರು. ಬಾಗಿಲ ಮೇಲೆ ‘ಬೇಕಾದಾಗ ಬೇಕಾದಷ್ಟು’ ಎಂದು ಬರೆಸಿದ್ದೆ.

ಮುದ್ರಣವೆಲ್ಲ ಪರದೆಯಿಂದ, ಸ್ಕ್ರೀನ್ ಪ್ರಿಂಟಿಂಗ್. ಮರದ ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿ; ಅದಕ್ಕೆ ಒಂದು ಲೇಪ ಬಳಿದು, ಚಿತ್ರ ಮೂಡಿದ ಪಾರದರ್ಶಕ ಹಾಳೆ, ಅಂದರೆ ಫಿಲ್ಮು, ಅಂಟಿಸಿ ಬಿಸಿಲಿಗೆ ಹಿಡಿದು ತೊಳೆದರೆ ಚಿತ್ರವಿದ್ದ ಜಾಗ ಮಾತ್ರ ಬಾಯಿ ಬಿಡುತ್ತದೆ. ಅಲ್ಲಿಂದ ಶಾಯಿ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಲೇಪ ತೊಳೆದು ಅದೇ ಪರದೆಗೆ ಬೇರೆಯವರ ಚಿತ್ರ ಕೂರಿಸಬಹುದು. ಪರದೆ ಹೋದರೂ ಫಿಲ್ಮು ಇದ್ದರೆ ಸಾಕು, ಅರ್ಧ ಗಂಟೆಯಲ್ಲಿ ಚಿತ್ರ ಮತ್ತೆ ಹುಟ್ಟುತ್ತದೆ. ನಮ್ಮ ಕಸುಬಿನ ಜೀವ ಇರುವುದು ಫಿಲ್ಮಿನಲ್ಲಿ. ಗಿರಾಕಿಗಳಿಗೆ ಇದು ತಿಳಿದಿರುವುದಿಲ್ಲ. ತಿಳಿಸುವ ಅಗತ್ಯವೂ ಇಲ್ಲ ಎಂದುಕೊಂಡಿದ್ದೆ.

ಹಳಿಯಾಳದಿಂದ ಒಬ್ಬ ಎಣ್ಣೆ ವ್ಯಾಪಾರಿ ಬಂದ. ಲಿಂಗ ಕಟ್ಟಿದ ಮನೆತನ, ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ. ಮನೆಯಲ್ಲೇ ಬೇರು, ಸೊಪ್ಪು ಕುದಿಸಿ ಕೂದಲೆಣ್ಣೆ ಮಾಡುತ್ತಿದ್ದ. ಬಾಟಲಿ ಹಾಗೇ ಮಾರಿದರೆ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ, ಡಬ್ಬಿ ಬೇಕು ಎಂದ. ಜೊತೆಗೆ ಹೆಂಡತಿ ಬಂದಿದ್ದಳು. ಅವಳು ನೀರು ಕುಡಿಯಲು ತಿರುಗಿದಾಗ ನಾನು ಜಡೆ ನೋಡಿದೆ. ಮೊಣಕಾಲಿಗಿಂತ ಕೆಳಗಿತ್ತು. ಡಬ್ಬಿಯ ಮೇಲೆ ಏನು ಹಾಕೋಣ ಎಂದು ಮತ್ತೆ ಯೋಚಿಸುವ ಕೆಲಸವೇ ಉಳಿಯಲಿಲ್ಲ.

ಇದು ನಿಮ್ಮ ಎಣ್ಣೆಯ ಫಲವೇ ಎಂದು ಕೇಳಿದೆ. ಗಂಡ ಹೌದೆನ್ನುವ ಮೊದಲೇ ಅವಳು ನಕ್ಕಳು.

‘ಇಂವನ ಎಣ್ಣಿ ಹುಟ್ಟಿ ಎರಡು ವರ್ಷ ಆತ್ರಿ ಅಣ್ಣಾರ. ನನ್ನ ಜಡಿ ಹುಟ್ಟಿ ಮೂವತ್ತು. ನಮ್ಮವ್ವ ಹಚ್ಚಿದ ಕೊಬ್ಬರಿ ಎಣ್ಣಿದು ಇದು.’

‘ಅದನ್ನ ಡಬ್ಬಿ ಮ್ಯಾಲ ಬರಸಬ್ಯಾಡ್ರಿ ಮಾಸ್ತರ್ರ’ ಎಂದ ಗಂಡ.

ಆ ಡಬ್ಬಿ ನಾನು ಮಾಡಿದ ಕೆಲಸದಲ್ಲೆಲ್ಲ ಮೇಲು. ಸ್ಟುಡಿಯೋದಲ್ಲಿ ಅವಳನ್ನು ಕೂರಿಸಿ, ಕೂದಲು ಬಿಚ್ಚಿಸಿ ಫೋಟೋ ತೆಗೆಸಿದೆ. ಮುಂದಿನ ಗೋಡೆಯಲ್ಲಿ ಮುಖ. ಕೂದಲು ಕಿವಿಯ ಹಿಂದಿನಿಂದ ಹೊರಟು, ಮಡಿಕೆ ದಾಟಿ, ಎರಡನೆಯ ಗೋಡೆ, ಮೂರನೆಯ ಗೋಡೆ, ನಾಲ್ಕನೆಯ ಗೋಡೆ ಸುತ್ತಿ, ಅಂಟಿನ ಪಟ್ಟಿಯ ಹತ್ತಿರ ಮತ್ತೆ ಅವಳ ಎಡಭುಜಕ್ಕೆ ಬಂದು ಸೇರಬೇಕು. ಅಂಟಿಸುವಾಗ ಒಂದು ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಏಳು ನಮೂನೆ ಮಡಚಿ ಎಸೆದ ಮೇಲೆ ಎಂಟನೆಯದು ಕೂಡಿತು. ಅಂಗಡಿಯ ಹಲಗೆಯಲ್ಲಿ ಒಂದು ಡಬ್ಬಿಯ ಮುಖ, ಇನ್ನೊಂದರ ಬೆನ್ನು ಹೀಗೆ ಸಾಲಾಗಿ ಇಟ್ಟರೆ ಕೂದಲು ಒಂದರಿಂದ ಒಂದಕ್ಕೆ ಹರಿದು ಹೋಗುತ್ತಿತ್ತು. ಹಳಿಯಾಳದ ಸಂತೆಯಲ್ಲಿ ಜನ ಎಣ್ಣೆಯ ಹೆಸರು ಹೇಳುತ್ತಿರಲಿಲ್ಲ, ‘ಜಡಿ ಎಣ್ಣಿ’ ಕೊಡ್ರಿ ಎನ್ನುತ್ತಿದ್ದರು. ಉಳವಿಯ ದಾರಿಯ ಚಹಾದಂಗಡಿಗಳಿಗೂ ಅದು ಹೋಯಿತು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ, ಹಳಿಯಾಳದ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ, ತಲೆಯ ಮೇಲೆ ಬಿಗಿಯಾಗಿ ಸೆರಗು ಹೊದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಏನು ಬೇಕ್ರಿ ಎಂದೆ. ಗುರುತು ಸಿಗಲಿಲ್ಲ. ಅವಳೇ, ‘ದಿನಾ ಛಾಪಸ್ತೀರಿ, ಗುರ್ತ ಹಿಡೀಲಿಲ್ಲ’ ಎಂದಾಗ ನನ್ನ ಕೈಯಲ್ಲಿದ್ದದ್ದು ಅವಳ ಮುಖದ್ದೇ ಡಬ್ಬಿ. ಕೆಳಗಿಟ್ಟೆ.

ಕೂತು ಎಲ್ಲ ಹೇಳಿದಳು. ಹುಬ್ಬಳ್ಳಿಯಲ್ಲಿ ಔಷಧಿ ನಡೆದಿತ್ತು. ರೋಗದ ಹೆಸರು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಔಷಧಿಗೆ ಕೂದಲು ಪೂರ್ತಿ ಹೋಗಿತ್ತು. ರೋಗಕ್ಕೆ ಹೆದರಿಕೆ ಇಲ್ಲ, ಬಂದದ್ದು ಬರಲಿ ಎಂದಳು. ಆದರೆ ಮನೆಯಿಂದ ಹೊರಗೆ ಬರುವುದು ಆಗುತ್ತಿಲ್ಲ.

‘ಅಂಗಡ್ಯಾಗ ಹೋದ್ರ ಮಂದಿ ಮೊದ್ಲ ಡಬ್ಬಿ ನೋಡ್ತಾರ. ಆಮ್ಯಾಲ ನನ್ನ ನೋಡ್ತಾರ. ಆಮ್ಯಾಲ ಮತ್ತ ಡಬ್ಬಿ ನೋಡ್ತಾರ. ನಾ ಇರೂತನಾ ಅದನ್ನ ತಗದ ಹಾಕ್ರಿ ಅಣ್ಣಾರ. ಹೂವ ಹಾಕ್ರಿ, ಎಲಿ ಹಾಕ್ರಿ, ಏನರ ಹಾಕ್ರಿ.’

ಗಂಡನಿಗೆ ಹೇಳಿದ್ದೀರಾ ಎಂದೆ. ಹೇಳಿದ್ದಳು. ಅದೇ ಮುಖದಿಂದ ಬಂದ ದುಡ್ಡಿನಲ್ಲಿ ಔಷಧಿ ನಡೆದಿದೆ, ಹೂವು ಹಾಕಿದರೆ ಯಾರು ಕೊಳ್ಳುತ್ತಾರೆ ಎಂದನಂತೆ. ಅವನ ಮಾತೂ ಸುಳ್ಳಲ್ಲ. ಅವನು ಕೆಟ್ಟವನಲ್ಲ ಎಂದು ಅವಳೇ ಎರಡು ಸಲ ಹೇಳಿದಳು.

ಇಲ್ಲಿ ನಾನು ಮಾಡಿದ್ದನ್ನು ನೇರವಾಗಿ ಬರೆಯುತ್ತೇನೆ. ನನಗೆ ಅವಳನ್ನು ನೋಯಿಸಿ ಕಳಿಸುವ ಮನಸ್ಸಿರಲಿಲ್ಲ. ಗಿರಾಕಿಯನ್ನು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ. ಇಬ್ಬರಿಗೂ ಸರಿಯಾಗುವ ದರ ಒಂದಿದ್ದೇ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಗೋಡೆಗೆ ಆನಿಸಿದ್ದ ಅವಳ ಪರದೆಯನ್ನು ತಂದು, ಅವಳ ಎದುರೇ ಮೋರಿಯ ಕಲ್ಲಿನ ಮೇಲೆ ಇಟ್ಟು, ಔಷಧಿ ಹಾಕಿ ನೀರು ಬಿಟ್ಟೆ. ಲೇಪ ಕರಗಿ ಹಸಿರು ನೀರಾಗಿ ಹರಿಯಿತು. ಮೊದಲು ಹಣೆ ಹೋಯಿತು, ಆಮೇಲೆ ಕಣ್ಣು, ಕೊನೆಗೆ ಕೂದಲು. ಅವಳು ಕುಕ್ಕರಗಾಲಲ್ಲಿ ಕೂತು ಮೋರಿಯ ತುದಿಯವರೆಗೆ ನೋಡಿದಳು.

‘ಇನ್ನ ಮತ್ತ ಹುಟ್ಟೂದಿಲ್ಲಲ್ರಿ?’

‘ಇಲ್ರೀ’ ಎಂದೆ.

ಫಿಲ್ಮು ಅವಳ ಬೆನ್ನ ಹಿಂದಿನ ಕಪಾಟಿನಲ್ಲಿತ್ತು.

ವಾರದೊಳಗೆ ಗಂಡ ಬಂದ. ಹೆಂಡತಿ ಬಂದಿದ್ದನ್ನು ನಾನು ಹೇಳಲಿಲ್ಲ. ಇನ್ನೂರು ಡಬ್ಬಿ ಕೇಳಿದ. ಬಿಸಿಲು ಚೆನ್ನಾಗಿತ್ತು, ಹೊಸ ಪರದೆಗೆ ಫಿಲ್ಮು ಕೂರಿಸಿ ಅಂದೇ ಕೊಟ್ಟೆ. ಇದು ಅವಳ ಔಷಧಿಗೇ ಹೋಗುವ ದುಡ್ಡು ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಸಮಾಧಾನ ಬಹಳ ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಬಾಳಿಕೆ ಬರುವುದಿಲ್ಲ.

ಅವಳ ಎದುರು ತೊಳೆದ ಪರದೆಯನ್ನು ಮುಂಡಗೋಡದ ಪೇಡೆಯವನ ಕೆಲಸಕ್ಕೆ ಹಚ್ಚಿದೆ. ತಿಳಿಹಳದಿ ಡಬ್ಬಿ, ಮೇಲೆ ಒಂದು ಆಕಳು. ಮುಂದಿನ ಸಲ ಬಂದಾಗ ಅವನು ಡಬ್ಬಿಯೊಂದನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿದ.

‘ಇದೇನ್ರೀ ಇದು, ಪೇಡೆ ಡಬ್ಬ್ಯಾಗ ಕೂದಲಾ?’

ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತಿತ್ತು. ಆಕಳ ಬೆನ್ನಿನ ಮೇಲಿಂದ ನಾಲ್ಕೂ ಗೋಡೆಗೆ ತೆಳುವಾದ ಗೆರೆಗಳು ಸುತ್ತಿಕೊಂಡಿದ್ದವು. ಕಾರಣ ನನಗೆ ಗೊತ್ತು: ಜಾಲರಿಯ ದಾರದಲ್ಲಿ ಹಳೆಯ ಶಾಯಿ ಒಣಗಿ ನೆರಳು ನಿಲ್ಲುತ್ತದೆ. ಕಾಸ್ಟಿಕ್ ಸೋಡಾ ಹಾಕಿ ಉಜ್ಜಬೇಕು, ನಾನು ಉಜ್ಜಿರಲಿಲ್ಲ, ಅಷ್ಟೆ. ಅಂದೇ ಉಜ್ಜಿದೆ. ಎರಡು ಸಲ, ಮೂರು ಸಲ. ಕೈ ಸುಟ್ಟುಕೊಂಡೆ. ಒದ್ದೆ ಇರುವಾಗ ಏನೂ ಇರುತ್ತಿರಲಿಲ್ಲ, ಒಣಗಿದ ಮೇಲೆ ಮೆಲ್ಲಗೆ ಹಣೆ ಮೂಡುತ್ತಿತ್ತು. ಕೊನೆಗೆ ಜಾಲರಿಯನ್ನೇ ಹರಿದು ಒಲೆಗೆ ಹಾಕಿದೆ. ಪೇಡೆಯವನಿಗೆ ಹೊಸ ಡಬ್ಬಿ ಮಾಡಿಕೊಟ್ಟೆ.

ಈ ನಡುವೆ ಜಡೆ ಎಣ್ಣೆಯ ಬೇಡಿಕೆ ಏರಿತು. ತಿಂಗಳಿಗೆ ಒಮ್ಮೆ ಬರುತ್ತಿದ್ದ ಗಂಡ ವಾರಕ್ಕೊಮ್ಮೆ ಬರತೊಡಗಿದ. ಹಳಿಯಾಳದ ಅಂಗಡಿಗಳಲ್ಲಿ ಇಟ್ಟ ಡಬ್ಬಿ ಎರಡು ದಿನ ನಿಲ್ಲುತ್ತಿಲ್ಲ ಎಂದ. ಹೆಂಡತಿಯ ಹಾಸಿಗೆಯ ಪಕ್ಕ ಕೂತು ಇದನ್ನೇ ಹೇಳಿ ಧೈರ್ಯ ತುಂಬುತ್ತಿದ್ದನಂತೆ. ನನಗೂ ಹಿಗ್ಗು. ಬೇಕಾದಾಗ ಬೇಕಾದಷ್ಟು ಎಂದರೆ ಇದೇ ಅಲ್ಲವೇ. ಅಂಗಡಿಯಲ್ಲಿ ಖಾಲಿಯಾದಷ್ಟು ನಾನು ಮುದ್ರಿಸುವುದು, ಮುದ್ರಿಸಿದಷ್ಟು ಅಂಗಡಿಯಲ್ಲಿ ಖಾಲಿಯಾಗುವುದು.

ಮಳೆ ನಿಂತ ಮೇಲೆ ಅವನು ಬಂದಾಗ ಹೆಗಲ ಮೇಲೆ ಒಂದು ಗೋಣಿಚೀಲ ಇತ್ತು. ನೆಲಕ್ಕೆ ಸುರಿದ. ನನ್ನ ಡಬ್ಬಿಗಳು. ಪ್ರತಿಯೊಂದರ ಅಂಟನ್ನು ಹರಿಯದ ಹಾಗೆ ಬಿಚ್ಚಿ, ನಾನು ಒತ್ತಿದ ಗೆರೆಯಲ್ಲೇ ಹಿಂದಕ್ಕೆ ಮಡಚಿ, ಚಪ್ಪಟೆ ಮಾಡಿ, ಮುಖ ಒಳಗಾಗಿಸಿ, ದಾರದಿಂದ ಕಟ್ಟಿದ ಕಟ್ಟುಗಳು. ಮನೆಯಲ್ಲಿ ಕಾಳಿನ ಚೀಲಗಳ ಹಿಂದೆ ಅವನಿಗೆ ಸಿಕ್ಕಿದ್ದವು. ಪಕ್ಕದಲ್ಲೇ ಬಾಟಲಿಗಳು, ಒಂದರದೂ ಬಿರಡೆ ತೆಗೆದಿರಲಿಲ್ಲ. ಓಣಿಯ ಹೆಂಗಸರ ಕೈಯಲ್ಲಿ ದುಡ್ಡು ಕೊಟ್ಟು, ಅಂಗಡಿ ಅಂಗಡಿಯಿಂದ ಅವನ ಹೆಂಡತಿಯೇ ಕೊಂಡು ತರಿಸಿದ್ದಳು. ಹಲಗೆಯ ಮೇಲೆ ತನ್ನ ಮುಖ ಇರಬಾರದು ಎಂದು. ಅವಳು ಒಂದು ತೆಗೆದಲ್ಲಿ ನಾನು ಇನ್ನೊಂದು ಇಡುತ್ತಿದ್ದೆ.

‘ಛಾಪಿಸಿದವರಿಗೆ ವಾಪಸ್ ಕೊಟ್ಟ ಬಾ ಅಂದ್ಲರೀ’ ಎಂದ. ‘ನಿಮ್ಮ ಕಡೆ ಬಂದಿದ್ಲಂತ?’

ಹೌದೆಂದೆ. ಅವನು ನನ್ನನ್ನು ಬೈಯುತ್ತಾನೆ ಎಂದು ಕಾದೆ. ಅವನೂ ಅವಳ ಮಾತು ಕೇಳದವನೇ, ಬೈಯಲು ಬಾಯಿ ಬರಲಿಲ್ಲವೇನೋ. ಇಬ್ಬರೂ ಕೂತು ಆ ಕಟ್ಟುಗಳನ್ನು ನೋಡಿದೆವು. ಅಚ್ಚಿನ ಕಪ್ಪು ಒಂದೊಂದು ಸಲ ಒಂದೊಂದು ಬಣ್ಣ ಕೊಡುತ್ತದೆ. ಅವಳ ಎದುರು ಪರದೆ ತೊಳೆಯುವ ಮೊದಲು ಮುದ್ರಿಸಿದವು ಯಾವುವು, ಆಮೇಲಿನವು ಯಾವುವು ಎಂದು ನಾನು ಹೇಳಬಲ್ಲೆ. ಮೊದಲಿನವು ಒಂದೂ ಇರಲಿಲ್ಲ. ಎಲ್ಲ ಆಮೇಲಿನವೇ.

ಮಾರನೆಯ ದಿನ ಫಿಲ್ಮು ತೆಗೆದುಕೊಂಡು ಹಳಿಯಾಳಕ್ಕೆ ಹೋದೆ. ಅವಳು ದಿಂಬಿಗೆ ಒರಗಿ ಕೂತಿದ್ದಳು. ಕೈ ಕಡ್ಡಿಯಾಗಿತ್ತು. ನಾನು ಕ್ಷಮೆ ಕೇಳಿ ಫಿಲ್ಮು ಕೈಗಿಟ್ಟೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಡಬ್ಬಿ ಬಿಚ್ಚಿದ ಹಾಗೆ ಅವಳು ಅಡ್ಡಕ್ಕೆ ಮಲಗಿದ್ದಳು, ಒಂದು ತುದಿಯಲ್ಲಿ ಮುಖ, ಉಳಿದುದೆಲ್ಲ ಕೂದಲು. ಕತ್ತರಿ ಕೇಳಿದಳು. ಗಂಡ ಕತ್ತರಿಸಿಕೊಡಲು ಬಂದರೆ ಬೇಡವೆಂದಳು. ಬಹಳ ಹೊತ್ತು ಹಿಡಿಯಿತು. ಚೂರುಗಳು ತೊಡೆಯ ಮೇಲೆ ರಾಶಿಯಾದವು. ಮುಗಿಸಿದ ಮೇಲೆ ತಲೆಯೆತ್ತಿ ಕೇಳಿದಳು:

‘ಇನ್ನೊಂದ ಎಲ್ಲಿ ಐತ್ರಿ?’

ಇದೊಂದೇ ಇದ್ದದ್ದು ಎಂದೆ. ಅದು ನಿಜ. ಅವಳು, ನಾನು ಮೊದಲ ದರ ಹೇಳಿದಾಗ ಗಿರಾಕಿಗಳು ನನ್ನ ಮುಖ ನೋಡುವ ಹಾಗೆ ನೋಡಿದಳು. ‘ಅವತ್ತೂ ಹಿಂಗ ಅಂದ್ರಿ’ ಎಂದಳು. ಆಣೆ ಮಾಡಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ನಾನು ಆಮೇಲೆ ಆ ಡಬ್ಬಿ ಮಾಡಲಿಲ್ಲ. ಗಂಡ ಬರಿ ಬಾಟಲಿ ಮಾರಿದ. ಆದರೆ ಅವನು ಸಿಕ್ಕಾಗಲೆಲ್ಲ ಒಂದೇ ಮಾತು: ‘ಇನ್ನೊಂದ ತರಿಸು ಅಂತಾಳ್ರಿ. ನಿದ್ದಿ ಮಾಡವಲ್ಲಳು.’ ಇಲ್ಲದ್ದನ್ನು ಎಲ್ಲಿಂದ ತಂದು ಕೊಡಲಿ? ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ. ಒಮ್ಮೆ ಸುಳ್ಳು ಮಾರಿದವನ ಅಂಗಡಿಯಲ್ಲಿ ನಿಜಕ್ಕೆ ಬೆಲೆ ಬರುವುದಿಲ್ಲ. ಕಸುಬಿಗೆ ಹೊಸಬರಾಗಿ ಬಂದವರಿಗೆ ಇದನ್ನೂ ಹೇಳುತ್ತೇನೆ, ಬೋರ್ಡಿನ ಎಳೆಯ ಮಾತು ಹೇಳಿದ ಮೇಲೆ.

ಆಗ ನನ್ನ ತಲೆ ತನಗೆ ಗೊತ್ತಿದ್ದ ದಾರಿಯಲ್ಲೇ ಓಡಿತು. ಅವಳಿಗೆ ಇನ್ನೊಂದು ಬೇಕು ತಾನೆ? ಗೋಣಿಚೀಲದ ಕಟ್ಟಿನಿಂದ ಚೊಕ್ಕಟವಾದ ಡಬ್ಬಿಯೊಂದನ್ನು ಆರಿಸಿ, ಹುಬ್ಬಳ್ಳಿಯ ಲ್ಯಾಬಿಗೆ ಒಯ್ದು, ಅದರಿಂದಲೇ ಹೊಸ ಫಿಲ್ಮು ತೆಗೆಸಿದೆ. ಇದನ್ನು ಒಯ್ದು, ಹೌದು ತಾಯೀ, ಇನ್ನೊಂದಿತ್ತು, ಬಚ್ಚಿಟ್ಟಿದ್ದೆ ಎಂದು ಒಪ್ಪಿಕೊಂಡು ಕೈಗಿಡುವುದು. ಅವಳು ಕತ್ತರಿಸುವುದು. ಅವತ್ತಾದರೂ ನಿದ್ದೆ ಬಂದೀತು.

ಲ್ಯಾಬಿನವನು ಎರಡು ದಿನ ತಡ ಮಾಡಿದ. ನಾನು ಹಳಿಯಾಳದಲ್ಲಿ ಇಳಿದಾಗ ಅಂಗಡಿ ಮುಚ್ಚಿತ್ತು. ಮನೆಯ ಮುಂದೆ ಜನ ಕೂತಿದ್ದರು. ಒಳಗೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ನಮ್ಮ ಕಡೆ ಲಿಂಗ ಕಟ್ಟಿದವರಲ್ಲಿ ಹೆಣವನ್ನು ಕೂರಿಸುವ ಹಾಗೆ. ಹಣೆಗೆ ವಿಭೂತಿ, ತಲೆಗೆ ಹೊಸ ಸೀರೆಯ ಸೆರಗು. ಗಂಡ ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದ. ಕಂಕುಳಲ್ಲಿ ಸುರುಳಿ ಸುತ್ತಿದ ಫಿಲ್ಮು ಒತ್ತುತ್ತಿತ್ತು. 

ಅವಳು ಕೇಳಿದ ಇನ್ನೊಂದು ಈಗ ನನ್ನ ಬಳಿ ನಿಜವಾಗಿ ಇದೆ. ಕತ್ತರಿ ಎರಡು ಸಲ ತೆಗೆದಿದ್ದೇನೆ. ಕತ್ತರಿಸಬೇಕಾದ ಕೈ ನನ್ನದಲ್ಲ.