ಅಣ್ಣನ ಹಡಗಿನ ಚುಕ್ಕಿ

೨೦೧೯ರಲ್ಲಿ ಅಣ್ಣ ತೈಲ ಸಾಗಿಸುವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. ಕೊಲ್ಲಿಯಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಡೊಂಬಿವಲಿಯ ನಮ್ಮ ಮನೆಯಲ್ಲೊಂದು ಹೊಸ ಪದ್ಧತಿ ಬಂತು. ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ನಾನು ಮೊಬೈಲಿನ ನಕ್ಷೆಯಲ್ಲಿ ಅವನ ಹಡಗಿನ ಚುಕ್ಕಿಯನ್ನು ಅಮ್ಮನಿಗೆ ತೋರಿಸಬೇಕು. ಅಮ್ಮ ಅದಕ್ಕೂ ಕೈಮುಗಿಯುತ್ತಿದ್ದಳು. ಚುಕ್ಕಿ ಇದ್ದ ಜಾಗವನ್ನು ತಾರೀಕು ಹಾಕಿ ನಾನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ಸಂಜೆ ಚುಕ್ಕಿ ಕಾಣಲಿಲ್ಲ. ಮರುದಿನವೂ ಇಲ್ಲ. ಅಮ್ಮ ಊಟ ಬಿಟ್ಟಳು. ಕೊನೆಗೆ ಹಡಗಿನಿಂದಲೇ ಅಣ್ಣನ ಫೋನ್ ಬಂತು.

"ಚುಕ್ಕಿ ತೋರಿಸುವ ಸಿಗ್ನಲನ್ನು ಕ್ಯಾಪ್ಟನ್ನೇ ಆಫ್ ಮಾಡಿಸಿದ್ದಮ್ಮ. ಈಗ ಜನ ಇಲ್ಲದ ದೋಣಿಗೆ ಸ್ಫೋಟಕ ತುಂಬಿ, ದೂರದಿಂದಲೇ ನಡೆಸಿ ಹಡಗಿಗೆ ಗುದ್ದಿಸ್ತಾರೆ. ನೀವು ನೋಡುವ ಚುಕ್ಕಿಯನ್ನೇ ಅವರೂ ನೋಡುವುದು."

"ಅಂಥದ್ದೆಲ್ಲ ದೊಡ್ಡ ದೇಶಗಳ ಹತ್ರ ಮಾತ್ರ ಇರುವುದಲ್ವಾ ಮಾರಾಯ?" ಎಂದರು ಅಪ್ಪ.

"ಈಗ ಸಣ್ಣ ಸಣ್ಣ ಗುಂಪುಗಳ ಹತ್ರವೂ ಉಂಟಪ್ಪ. ಬಿಡಿಭಾಗ ಅಂಗಡಿಯಲ್ಲೇ ಸಿಗ್ತದೆ." ಅಷ್ಟರಲ್ಲಿ ಲೈನ್ ಕಡಿಯಿತು.

ಮರುದಿನ ಸಂಜೆ ಚುಕ್ಕಿ ಮತ್ತೆ ಮೂಡಿತು. ನಾನು ಖುಷಿಯಿಂದ ಓಡಿ ತೋರಿಸಿದೆ. ಅಮ್ಮ ಕೈಮುಗಿಯಲಿಲ್ಲ. ಅಂಗೈಯಿಂದ ಮೊಬೈಲನ್ನು ಮುಚ್ಚಿ, "ಎಲ್ಲರಿಗೂ ಕಾಣ್ತಾ ಉಂಟಾ?" ಎಂದು ಕೇಳಿದಳು.

ನಾನು ಹೌದೆಂದೆ. ಅವಳು ಕೈ ತೆಗೆಯಲಿಲ್ಲ.