ಇಡ್ಲಿ ಹೋಟೆಲಿನೊಳಗೊಂದು ಸಮುದ್ರ

ಬಿಡದಿಯ ಹಳೇ ಹೈವೇ ಪಕ್ಕದ ಹೊಸ ಹೋಟೆಲಿನ ಶಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಬೆಳಕು ಸರಿಯಾಗಿ ಹರಿದಿಲ್ಲ. ಖತೀಜಾ ಬಗ್ಗಿಕೊಂಡು ಒಳಗೆ ಬರುತ್ತಾರೆ, ಬುರ್ಖಾದ ತೋಳನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಾರೆ, ಗೋಡೆಯುದ್ದಕ್ಕೂ ಕುಳಿತಿರುವ ಗಾಜಿನ ತೊಟ್ಟಿಯ ಮುಚ್ಚಳ ಸರಿಸಿ ಮೂಗು ಒಡ್ಡುತ್ತಾರೆ. ನೋಡುವುದಕ್ಕಿಂತ ಮೊದಲು ಮೂಸುವುದು ಅವರ ಪದ್ಧತಿ. ಮೂಸಿದ್ದೇ ತಡ, ಮುಖ ಹುಳ್ಳಗಾಗುತ್ತದೆ.

"ಮತ್ತೆ ಅದೇ ನಾತ. ಯಾ ಅಲ್ಲಾ, ಯಾರ್ ಹಿಂಗ್ ಮಾಡ್ತಾವ್ರೋ!"

ಬೆರಳುದ್ದದ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ಎರಡು ಪುಟ್ಟ ಬಾಟಲಿಗಳಿಂದ ಹನಿ ಬಿಟ್ಟು ಕುಲುಕುತ್ತಾರೆ. ನೀರು ಹಳದಿಯಾದರೆ ಪರವಾಗಿಲ್ಲ. ಹಸಿರಿಗೆ ತಿರುಗಿದರೆ ಅದರಲ್ಲಿ ಅಮೋನಿಯಾ ಇದೆ ಎಂದರ್ಥ, ಬಿಟ್ಟ ಮೀನು ಸಾಯುತ್ತದೆ. ಇವತ್ತು ಕೊಳವೆಯಲ್ಲಿರುವುದು ಮಾವಿನೆಲೆಯಂಥ ಕಡು ಹಸಿರು. ಹೋಟೆಲಿನ ಪ್ರಾರಂಭೋತ್ಸವ ಬರುವ ವಾರ. ಕಾರ್ಡು ಹಂಚಿಯಾಗಿದೆ. ಸಾಲದ್ದಕ್ಕೆ ಕಾರ್ಡಿನ ಮೂಲೆಯಲ್ಲಿ ಎರಡು ಮೀನಿನ ಚಿತ್ರವನ್ನೂ ಅಚ್ಚು ಹಾಕಿಸಿದ್ದಾರೆ.

ರಾಮನಗರದ ಖತೀಜಾ ಮಾಡುವ ಕೆಲಸಕ್ಕೆ ಊರಲ್ಲಿ ಸರಿಯಾದ ಹೆಸರಿಲ್ಲ. ಸಮುದ್ರದ ಮೀನು ಸಾಕುವ ತೊಟ್ಟಿಗಳನ್ನು ಅವರು ಸಿದ್ಧ ಮಾಡಿಕೊಡುತ್ತಾರೆ. ಸಮುದ್ರ ಇಲ್ಲಿಂದ ಎಷ್ಟು ದೂರವೋ! ಇಲ್ಲಿ ಸುತ್ತ ಇರುವುದು ಬಂಡೆ, ರಾಗಿ ಹೊಲ, ರೇಷ್ಮೆ ಸೊಪ್ಪು. ಆದರೂ ರೆಸಾರ್ಟು, ದಂತ ವೈದ್ಯರ ಕ್ಲಿನಿಕ್ಕು, ಹೊಸ ದುಡ್ಡಿನ ಮನೆಗಳ ಹಜಾರ, ಎಲ್ಲಕ್ಕೂ ಈಗ ಉಪ್ಪುನೀರಿನ ಮೀನೇ ಬೇಕು. ಕೆರೆ ಮೀನು ಹಳೇ ಫ್ಯಾಷನ್ ಆಗಿಹೋಯಿತಂತೆ.

ಸೋಸಿದ ನೀರಿಗೆ ಇದಕ್ಕೆಂದೇ ಸಿಗುವ ಉಪ್ಪನ್ನು ಅಳತೆ ನೋಡಿ ಕದಡುವುದು, ಕಲ್ಲು ಜೋಡಿಸುವುದು, ಅಲೆ ಎಬ್ಬಿಸುವ ಪಂಪು ಕೂರಿಸುವುದು, ಇವೆಲ್ಲ ಎರಡು ದಿನದಲ್ಲಿ ಮುಗಿಯುತ್ತವೆ. ಆಮೇಲಿನದೇ ಕಷ್ಟ. ಏನೂ ಮಾಡದೆ ಕಾಯಬೇಕು. ತೊಟ್ಟಿಯೊಳಗೆ ಒಂದಿಷ್ಟು ಏನಾದರೂ ಕೊಳೆಯಬೇಕು, ಕೊಳೆತದ್ದು ವಿಷವಾಗಬೇಕು, ಆ ವಿಷವನ್ನು ತಿಂದು ಬದುಕುವ ಸೂಕ್ಷ್ಮ ಜೀವಿಗಳು ಕಲ್ಲಿನ ಮೇಲೆ ಹುಟ್ಟಿ ಮನೆ ಮಾಡಬೇಕು. ಅವು ಬೆಳೆದ ಮೇಲಷ್ಟೇ ಮೀನು. ಖತೀಜಾ ತಮ್ಮ ಮನೆಯ ತೊಟ್ಟಿಯಿಂದ ಹಳೆಯ ಕಲ್ಲೊಂದನ್ನು ತಂದು ಹೊಸ ತೊಟ್ಟಿಗೆ ಹಾಕುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಾಗಿದ್ದೂ ತಿಂಗಳು ಹಿಡಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು.

"ತಿಂಗಳು ಅಂದ್ರೆ ಜನುಕ್ಕೆ ಕೋಪ. ದುಡ್ ಕೊಟ್ಟಿಲ್ವಾ ಅಂತಾರೆ. ದುಡ್ ಕೊಟ್ರೆ ಒಂಬತ್ ತಿಂಗ್ಳಿನ ಮಗು ನಾಳೆ ಬೆಳಗ್ಗೆ ಹುಟ್ತದಾ?" ಎಂದು ಸಿಡುಕುತ್ತಾರೆ.

ಸಿಡುಕದೆ ಇನ್ನೇನು ಮಾಡಿಯಾರು? ಕನಕಪುರದಲ್ಲೊಬ್ಬರು ಅಡುಗೆಮನೆಯ ಉಪ್ಪಿನ ಪ್ಯಾಕೆಟ್ಟುಗಳನ್ನು ಸುರಿದುಕೊಂಡು, ಸಮುದ್ರದಲ್ಲಿರುವುದೂ ಉಪ್ಪೇ ತಾನೇ ಎಂದು ವಾದಕ್ಕೆ ನಿಂತರು. ಚನ್ನಪಟ್ಟಣದ ಗೊಂಬೆ ವ್ಯಾಪಾರಿಯೊಬ್ಬರು ಅಲಂಕಾರಕ್ಕಿರಲಿ ಎಂದು ಮರದ ಗೊಂಬೆಗಳನ್ನೇ ನೀರಿಗಿಳಿಸಿದರು. ಅವು ಮುಳುಗುವುದಕ್ಕೂ ಒಪ್ಪದೆ ತಲೆಕೆಳಗಾಗಿ ತೇಲುತ್ತಿದ್ದವು. ಸಮುದ್ರ ನೋಡಿದ್ದೀರಾ ಎಂದು ಕೇಳಿದರೂ ಖತೀಜಾ ಅವರಿಗೆ ರೇಗುತ್ತದೆ. "ನೋಡಿವ್ನಿ, ಮಂಗ್ಳೂರಲ್ಲಿ ಮದ್ವೆಗ್ ಹೋದಾಗ. ಅಷ್ಟೊಂದ್ ನೀರ್ ಇಟ್ಕಂಡು ಎಷ್ಟ್ ಗಲೀಜು!"

ಅವರಿಗೆ ಇದನ್ನು ಯಾರೂ ಕಲಿಸಲಿಲ್ಲ. ಬಿಡದಿ ಕಡೆಯ ರೆಸಾರ್ಟೊಂದರಲ್ಲಿ ನೆಲ ಒರೆಸುವ ಕೆಲಸಕ್ಕಿದ್ದರು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಒಬ್ಬ ಬಂದು ತೊಟ್ಟಿ ನೋಡಿ ಹೋಗುತ್ತಿದ್ದ, ಅವನು ಮತ್ತೆ ಬರುವಷ್ಟರಲ್ಲಿ ಮೀನು ಸತ್ತಿರುತ್ತಿದ್ದವು. ಸತ್ತ ಮೀನನ್ನು ಎತ್ತಿ ಬಿಸಾಡುವುದು ಖತೀಜಾ ಪಾಲಿಗೆ ಬರುತ್ತಿತ್ತು. ಎತ್ತಿ ಎತ್ತಿ ಹೊಟ್ಟೆ ಉರಿದು, ಇವು ಯಾಕೆ ಸಾಯುತ್ತವೆ ಎಂದು ಅವನ ಬೆನ್ನು ಹತ್ತಿ ಕೇಳತೊಡಗಿದರು. ಅವನು ಹೇಳಿದ್ದರಲ್ಲಿ ಅರ್ಧ ತಪ್ಪು ಎಂದು ಗೊತ್ತಾಗುವಷ್ಟರಲ್ಲಿ ಇವರ ಕೈಯಲ್ಲೂ ಬೇಕಾದಷ್ಟು ಮೀನು ಸತ್ತಿದ್ದವು. ಅದನ್ನು ಅವರು ಮುಚ್ಚಿಡುವುದಿಲ್ಲ.

ಈಗ ಈ ಭಾಗದ ಹತ್ತಾರು ತೊಟ್ಟಿಗಳ ಹಿಂದೆ ಅವರ ಕೈ ಇದೆ, ಹೆಸರು ಮಾತ್ರ ಒಂದರ ಮೇಲೂ ಇಲ್ಲ. ತೊಟ್ಟಿ ಮಾರುವ ಬೆಂಗಳೂರಿನ ಅಂಗಡಿಯವರು ಗಾಜಿನ ಮೂಲೆಗೆ ತಮ್ಮ ಸ್ಟಿಕ್ಕರ್ ಅಂಟಿಸುತ್ತಾರೆ, ನೀರು ಹೊರುವುದಕ್ಕೆ ಇವರನ್ನು ಕರೆಯುತ್ತಾರೆ. ಜನರ ಫೋನುಗಳಲ್ಲಿ ಅವರು 'ಫಿಶ್ ಲೇಡಿ', 'ಟ್ಯಾಂಕ್ ಆಂಟಿ'. ಬಿಡದಿಯ ಈ ತೊಟ್ಟಿ, ಅಂಗಡಿಯವರು ನಡುವೆ ಬಾರದೆ ನೇರವಾಗಿ ಅವರಿಗೇ ಸಿಕ್ಕ ಮೊದಲ ಕೆಲಸ. ಸಾಲು ಸಾಲು ತಟ್ಟೆ ಇಡ್ಲಿ ಹೋಟೆಲುಗಳ ನಡುವೆ ತಮ್ಮದು ಎದ್ದು ಕಾಣಬೇಕೆಂಬ ಹಟ ಮಾಲೀಕ ವೀರೇಂದ್ರ ಅವರಿಗೆ. ಖತೀಜಾ ಹೆಸರು, ಫೋನ್ ನಂಬರು ಕೊರೆಸಿದ ಹಿತ್ತಾಳೆ ಫಲಕವನ್ನು ತೊಟ್ಟಿಯ ಪಕ್ಕದಲ್ಲೇ ಹೊಡೆಸುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಫಲಕ ತಯಾರಾಗಿಯೂ ಬಂದಿದೆ. ಖತೀಜಾ ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದಾರೆ, ದುಪಟ್ಟಾದಿಂದ ಒರೆಸಿ ವಾಪಸು ಕೊಟ್ಟಿದ್ದಾರೆ.

ಅಂಥ ತೊಟ್ಟಿಯ ನೀರೇ ಹೀಗೆ ಕೆಟ್ಟು ಕೂತಿದೆ. ಅರ್ಧಕ್ಕರ್ಧ ನೀರು ಬದಲಿಸಿದರು, ಸುಧಾರಿಸಿತು, ಮತ್ತೆ ಕೆಟ್ಟಿತು. ಪೇಂಟ್ ಹೊಡೆಯುವವರ ಮೇಲೆ ಅನುಮಾನಪಟ್ಟು ಜಗಳವಾಡಿದರು. ನೀರಿನ ಕ್ಯಾನಿನವನನ್ನು ಬೈದರು. ಕೊನೆಗೆ ಮನೆಗೆ ಹೋಗಿ ಗಂಡನ ಮೇಲೆ ಹರಿಹಾಯ್ದರು. ಗಂಡನ ಮೇಲೇಕೆ ಎಂದರೆ, ಅದಕ್ಕೊಂದು ಕತೆಯಿದೆ.

ತೊಟ್ಟಿಯಲ್ಲಿ ಕೊಳೆಯಲು ಸಾಮಾನ್ಯವಾಗಿ ಒಂದು ಹಸಿ ಸೀಗಡಿ ಹಾಕುತ್ತಾರೆ. ವೀರೇಂದ್ರ ಅವರದು ಶಿವಭಕ್ತರ ಮನೆ. ಸೀಗಡಿ ಹೊಸ್ತಿಲು ದಾಟಿದರೆ ನಾನು ದಾಟಿ ಹೊರಗೆ ಹೋಗುತ್ತೇನೆ ಎಂದು ಅವರ ತಾಯಿ ಬಸವಲಿಂಗಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಖತೀಜಾ ಗಂಡ ಅಸದುಲ್ಲಾ ರೇಷ್ಮೆ ನೂಲು ಬಿಚ್ಚುವವರು. ಗೂಡಿನೊಳಗಿನ ಬೆಂದ ಹುಳ ಅವರಲ್ಲಿ ರಾಶಿ ಬೀಳುತ್ತದೆ. ಮಾಂಸ ಮುಟ್ಟದವರ ಮನೆಗೆ ಖತೀಜಾ ಸೀಗಡಿಯ ಬದಲು ಈ ಹುಳವನ್ನು ತೊಳೆದು, ಸಣ್ಣ ಬಲೆ ಚೀಲದಲ್ಲಿ ಕಟ್ಟಿ ಇಳಿಬಿಡುತ್ತಾರೆ. ಅದಕ್ಕೆ ಬಸವಲಿಂಗಮ್ಮನವರ ತಕರಾರಿಲ್ಲ. ಹುಳ ಮೇಯಿಸಿದ ಮನೆತನ ಅವರದು.

"ನಿನ್ ಹುಳ ಸರಿ ಇಲ್ಲ ಅಂತ ನನ್ ಮೇಲೆ ಕೂಗಾಡ್ತಾಳೆ ಸಾರ್," ಎನ್ನುತ್ತಾರೆ ಅಸದುಲ್ಲಾ. "ಮೂವತ್ ವರ್ಸದಿಂದ ನೂಲ್ ಸರಿ ಇಲ್ಲ ಅಂದೋರವ್ರೆ. ಹುಳ ಸರಿಯಾಗ್ ಕೊಳೀತಿಲ್ಲ ಅಂದೋಳು ಇವ್ಳೊಬ್ಳೇ."

ಇವತ್ತು ಕಳ್ಳನನ್ನು ಹಿಡಿದೇ ಹೋಗುವುದೆಂದು ಖತೀಜಾ ಜೋಡಿಸಿಟ್ಟ ಕುರ್ಚಿಗಳ ಹಿಂದೆ ಕೂರುತ್ತಾರೆ. ಅಡುಗೆಮನೆಯಲ್ಲಿ ರುಚಿ ನೋಡುವ ಸಲುವಾಗಿ ದಿನವೂ ಒಂದು ಒಬ್ಬೆ ಇಡ್ಲಿ ಬೇಯುತ್ತಿದೆ. ಹಬೆಯ ವಾಸನೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಬಾಳೆಎಲೆಯ ತುಂಡಿನಲ್ಲಿ ಬಿಸಿ ಇಡ್ಲಿ ಹಿಡಿದು ಬಸವಲಿಂಗಮ್ಮ ಬರುತ್ತಾರೆ. ಹಣೆ ತುಂಬ ವಿಭೂತಿ. ಊದಿ ಊದಿ ಆರಿಸಿ, ಇಡ್ಲಿಯನ್ನು ಪುಡಿ ಮಾಡಿ, ಪ್ಲಾಸ್ಟಿಕ್ ಸ್ಟೂಲು ಹತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಪೂರ್ತಿ ನೀರಿಗೆ ಸುರಿಯುತ್ತಾರೆ.

"ಅವ್ವಾ! ಏನ್ ಮಾಡ್ತಾ ಇದೀರಾ?"

ಮುದುಕಿ ಬೆಚ್ಚುವುದೂ ಇಲ್ಲ. "ಊಟ ಇಕ್ತಾ ಇವ್ನಿ ಕಣವ್ವ. ಕಣ್ಣಿಗ್ ಕಾಣ್ದಿರೋ ಜೀವ ಅವೆ, ಅವುಕ್ಕೂ ಹಸಿವಾಯ್ತದೆ ಅಂತ ನೀನೇ ಅಲ್ವಾ ಹೇಳಿದ್ದು? ಹೇಳ್ಬುಟ್ಟು ಒಂದೇ ಒಂದು ಹುಳ ಕಟ್ಬುಟ್ಟು ಹೋದೆ. ಅಷ್ಟೊಂದ್ ಜೀವುಕ್ಕೆ ಅದು ಸಾಕಾದದಾ? ನಮ್ಮನೇಲಿ ಮೊದಲ್ನೆ ತುತ್ತು ಬಂದೋರಿಗೆ. ಇವೂ ಮನೇಗ್ ಬಂದವೇ ತಾನೆ? ಖಾರ ಆಯ್ತದೆ ಅಂತ ಚಟ್ನಿ ಹಾಕಿಲ್ಲ."

ಖತೀಜಾ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ಬೈಯುವುದಾದರೂ ಯಾರನ್ನು? ಅವುಗಳಿಗೂ ಹಸಿವಾಗುತ್ತದೆ ಎಂದು ವಿವರಿಸಿದವರು ತಾವೇ. ಇಷ್ಟು ದಿನ ಪೇಂಟಿನವರು, ಕ್ಯಾನಿನವನು, ಕಟ್ಟಿಕೊಂಡ ಗಂಡ ಎಲ್ಲರ ಕೈಲೂ ನಿಷ್ಠುರ ಕಟ್ಟಿಕೊಂಡದ್ದು ದಿನಕ್ಕೊಂದು ತಟ್ಟೆ ಇಡ್ಲಿಗೆ! ನೀರಿನಲ್ಲಿ ಅಷ್ಟು ಕೊಳೆತರೆ ಇರುವ ಜೀವಿಗಳು ತಿಂದು ಪೂರೈಸಲಾರವು, ವಿಷ ಉಳಿದುಬಿಡುತ್ತದೆ ಎಂದು ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. ಅರ್ಥವಾದ ಮೇಲೆ ಬಸವಲಿಂಗಮ್ಮನವರ ಮುಖ ಬಿಳಿಚಿಕೊಳ್ಳುತ್ತದೆ.

"ಹಂಗಾರೆ ನಾನೇ ವಿಷ ಇಕ್ಬುಟ್ನಾ? ನನ್ ಮಗಂಗ್ ಹೇಳ್ಬ್ಯಾಡ ಕಣವ್ವ. ಅಡುಗೆಮನೆ ಕಡೆ ತಲೆ ಹಾಕ್ಬ್ಯಾಡ ಅಂತ ಮೊದ್ಲೇ ರೇಗ್ತಾನೆ. ಇನ್ ಮನೇಲೇ ಕೂರುಸ್ಬುಡ್ತಾನೆ."

ಖತೀಜಾ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ವೀರೇಂದ್ರ ಬಂದಾಗ, ನೀರು ಕೆಟ್ಟಿದೆ, ಇನ್ನೂ ಮೂರು ವಾರ ಬೇಕು ಎಂದಷ್ಟೇ ಹೇಳುತ್ತಾರೆ.

"ಯಾಕ್ ಕೆಟ್ತು?"

"ಕೆಟ್ತು ಅಣ್ಣ."

"ಕೆಲ್ಸ ಬರ್ದಿದ್ರೆ ಬರಲ್ಲ ಅನ್ಬೇಕಿತ್ತು ಖತೀಜಮ್ಮ. ಹಂಚಿರೋ ಕಾರ್ಡ್ ವಾಪಸ್ ಇಸ್ಕಳಕ್ ಆಯ್ತದಾ? ಅವತ್ತು ಮೀನ್ ಈಜ್ಬೇಕು. ಇಲ್ಲಾಂದ್ರೆ ನಿಮ್ ಹೆಸ್ರು ಗೋಡೆ ಮೇಲ್ ಬರಲ್ಲ."

ಪ್ರಾರಂಭದ ಹಿಂದಿನ ದಿನ ಅವರೇ ಬೆಂಗಳೂರಿಗೆ ಹೋಗಿ, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಒಂದು ಜೋಡಿ ಮೀನನ್ನು ಕವರಿನಲ್ಲಿ ತಂದು ಮುಂದೆ ಹಿಡಿಯುತ್ತಾರೆ. ಒಂದು ದಿನ ಬದುಕಿದ್ದರೆ ಸಾಕು, ಫೋಟೋ ಆಗಲಿ, ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಖತೀಜಾ ಕವರನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಬಿಟ್ಟರೆ ಫಲಕ ಗೋಡೆಗೆ ಬರುತ್ತದೆ. ಅವರು ಗೋಡೆಯನ್ನೂ ನೋಡುತ್ತಾರೆ, ಕವರನ್ನೂ ನೋಡುತ್ತಾರೆ.

"ಆಗಲ್ಲ ಅಣ್ಣ. ಸಾಯೋ ನೀರ್‌ಗೆ ನನ್ ಕೈಯಾರ ಬುಡಲ್ಲ. ಸತ್ ಮೀನ್ ಎತ್ತಿ ಎತ್ತಿ ಸಾಕಾಗ್ಬಿಟ್ಟದೆ ನಂಗೆ."

ಮೀನು ಖತೀಜಾ ಜತೆ ಸ್ಕೂಟರಿನಲ್ಲಿ ರಾಮನಗರಕ್ಕೆ ಹೋಗಿ, ಅವರ ಮನೆಯ ಹಳೇ ತೊಟ್ಟಿ ಸೇರುತ್ತವೆ. ಹಿತ್ತಾಳೆ ಫಲಕ ಗಲ್ಲಾ ಪೆಟ್ಟಿಗೆಯ ಕೆಳಗಿನ ಡ್ರಾಯರ್ ಸೇರುತ್ತದೆ. ಅವತ್ತು ಅಸದುಲ್ಲಾ ತಮಾಷೆ ಮಾಡಲು ಹೋಗಿ, ಹೆಂಡತಿಯ ಮುಖ ನೋಡಿ ಚಹಾಕ್ಕೆ ನೀರಿಟ್ಟರಂತೆ.

ಪ್ರಾರಂಭದ ದಿನ ಹೋಟೆಲಿನ ತುಂಬ ಚೆಂಡುಹೂವು, ಜನ, ನೂಕುನುಗ್ಗಲು. ತೊಟ್ಟಿಗೆ ಅವಮಾನ ಮುಚ್ಚುವಂತೆ ಒಂದು ಪರದೆ ಕಟ್ಟಲಾಗಿದೆ. ಖತೀಜಾರನ್ನು ಯಾರೂ ಕರೆದಿಲ್ಲ. ಆದರೂ ನೀರು ನೋಡಬೇಕಲ್ಲ ಎಂದು ಬಂದಿದ್ದಾರೆ, ಕೈ ತೊಳೆಯುವ ಜಾಗದ ಹತ್ತಿರ ಬಕೆಟ್ ಹಿಡಿದು ನಿಂತಿದ್ದಾರೆ. ಮೀನು ಎಲ್ಲಿ ಎಂದು ಯಾರೋ ಕಾರ್ಡು ತೋರಿಸಿ ಕೇಳುತ್ತಾರೆ. ಕೆಲಸದೋಳು ಕೈ ಕೊಟ್ಟಳು ಎನ್ನುತ್ತಾರೆ ವೀರೇಂದ್ರ.

ಬಸವಲಿಂಗಮ್ಮ ಎದ್ದು ಬಂದು ಪರದೆಯನ್ನು ಒಂದೇ ಎಳೆತಕ್ಕೆ ಕಿತ್ತುಹಾಕುತ್ತಾರೆ.

"ಅವಳ್ ಕೈ ಕೊಡ್ನಿಲ್ಲ ಕಣ್ಲಾ. ನೀರ್ ಕೆಡ್ಸಿದ್ದು ನಾನು. ದಿನಾ ಇಡ್ಲಿ ಸುರ್ದು ಸುರ್ದು ಕೆಡುಸ್ದೆ. ನಿನ್ ತಾವ ನನ್ನ ಬಿಟ್ಕೊಡ್ನಿಲ್ಲ ಅವ್ಳು, ತನ್ ಹೆಸ್ರು ಹೋದ್ರೂ ಹೋಗ್ಲಿ ಅಂತ ಬಾಯ್ ಮುಚ್ಕಂಡ್ಳು. ಈಗ ನನ್ ಮನೇಲ್ ಕೂರಿಸ್ತೀಯಾ? ಕೂರಿಸ್ಲಾ!"

ವೀರೇಂದ್ರ ತಲೆ ತಗ್ಗಿಸುತ್ತಾರೆ. ಬಸವಲಿಂಗಮ್ಮ ತೊಟ್ಟಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಮಧ್ಯಾಹ್ನದವರೆಗೂ ಏಳುವುದಿಲ್ಲ. ಖಾಲಿ ನೀರು ನೋಡಿ ನಕ್ಕವರಿಗೆಲ್ಲ ಅವರದು ಒಂದೇ ಉತ್ತರ. "ಖಾಲಿ ಅಲ್ಲ ಇದು, ಒಳಗ್ ಜೀವ ಐತೆ. ಸಾಕ್ತಾ ಇರೋಳು ರಾಮನಗರದ ಖತೀಜಾ ಅಂತ. ಅಲ್ ನಿಂತವಳಲ್ಲ, ಅವ್ಳೇ." ಬಂದ ಪ್ರತಿಯೊಬ್ಬರೂ ತಿರುಗಿ ನೋಡುತ್ತಾರೆ. ಖತೀಜಾ ಬಕೆಟ್ ಕೆಳಗಿಟ್ಟು ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಸಂತೋಷವೂ ಆಗಿತ್ತು, ಅಷ್ಟು ಜನ ನೋಡಿದ್ದಕ್ಕೆ ನಾಚಿಕೆಯೂ ಆಗಿತ್ತು ಎಂದು ಆಮೇಲೆ ಹೇಳುತ್ತಾರೆ.

ನೀರು ಸರಿಹೋದ ಮೇಲೆ ರಾಮನಗರದಿಂದ ವಾಪಸು ಬಂದ ಕಿತ್ತಳೆ ಮೀನಿನ ಜೋಡಿ ಈಗ ಆ ತೊಟ್ಟಿಯಲ್ಲಿ ಆರಾಮಾಗಿ ಈಜುತ್ತಿದೆ. ಫಲಕ ಮಾತ್ರ ಇನ್ನೂ ಡ್ರಾಯರಿನಲ್ಲೇ ಇದೆ. ಗೋಡೆ ಕೊರೆಯುವವನು ನಾಳೆ ಬರುತ್ತಾನೆ ಎಂದು ವೀರೇಂದ್ರ ದಿನವೂ ಹೇಳುತ್ತಾರೆ, ಕೇಳಿ ಕೇಳಿ ಖತೀಜಾ ಕೇಳುವುದನ್ನೇ ಬಿಟ್ಟಿದ್ದಾರೆ.

ನಮ್ಮ ಮಾತಿನ ನಡುವೆ ಅವರ ಫೋನು ಹೊಡೆದುಕೊಳ್ಳುತ್ತದೆ. ಕೈ ಒದ್ದೆ, ಸ್ಪೀಕರಿಗೆ ಹಾಕುತ್ತಾರೆ. ಕುದೂರಿನಿಂದ ಯಾರೋ ಗುರುತಿಲ್ಲದ ಗಂಡಸು. ಬಿಡದಿ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅಜ್ಜಿಯೊಬ್ಬರು ಹೇಳಿದರಂತೆ, ನಂಬರನ್ನು ಗಲ್ಲಾದಲ್ಲಿ ಇಸ್ಕೊಂಡನಂತೆ.

"ಖತೀಜಾ ಅಂದ್ರೆ ನೀವೇನಾ ಮೇಡಂ? ಬುಧವಾರ ನಮ್ಮನೆ ಗೃಹಪ್ರವೇಶ. ಅಷ್ಟ್ರೊಳ್ಗೆ ಟ್ಯಾಂಕ್ ಕೂರ್ಸಿ ಮೀನ್ ಬುಟ್ಕೊಡ್ತೀರಾ?"

ಖತೀಜಾ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಡುತ್ತಾರೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಾರೆ.

"ಹ್ಞೂ ಸಾರ್, ಖತೀಜಾ ನಾನೇ. ಬುಧವಾರ ಆಗಲ್ಲ."